ಬಿಡಿ ಬಿಡಿಯಾಗಿ ಕಟ್ಟಿದ ದುಡ್ಡು

ನನ್ನ ತಂಗಿಯ ಮಗಳು ವೀಣಾ ಈಚೆಗೆ ಹೊಳಲ್ಕೆರೆಯ ಒಂದು ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದಳು. ಸೇರಿದ ವಾರವೇ ಮಧ್ಯಾಹ್ನ ಊಟದ ಹೊತ್ತಿಗೆ ಫೋನ್ ಮಾಡಿ, "ದೊಡ್ಡಮ್ಮ, ಕೌಂಟರಿಗೆ ಒಬ್ರು ಬಂದಿದ್ರು. ಕ್ರೆಡಿಟ್ ಕಾರ್ಡಿನಾಗೆ ತಗಂಡ ಒಂದೊಂದು ಸಾಮಾನಿನ ದುಡ್ಡನ್ನೂ ಬೇರೆ ಬೇರೆ ಕಟ್ಟಿದ್ರೆ ಉಪಯೋಗ ಐತಾ ಅಂತ ಕೇಳಿದ್ರು. ಐತೆ ಅಂದೆ. ಸರಿ ಅಲ್ವಾ?" ಎಂದಳು.

ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಅವರು ಹೋದರಾ? ಇನ್ನೂ ಅಲ್ಲೇ ಇದಾರಾ? ಓಡಿಹೋಗಿ ಕರ್ಕಂಡು ಬಾರೇ ನಮ್ಮವ್ವ" ಎಂದು ಕೂಗಿದೆ. ಅವರು ಹೋಗಿ ಅರ್ಧ ಗಂಟೆಯಾಗಿತ್ತಂತೆ. "ಇಷ್ಟಕ್ಕೆ ಯಾಕೆ ಹಿಂಗೆ ಗಾಬರಿಯಾಗ್ತೀಯ? ದುಡ್ಡು ಕಟ್ತೀನಿ ಅಂದೋರಿಗೆ ಕಟ್ರಿ ಅಂದೆ, ಅಷ್ಟೇ ತಾನೆ" ಎಂದು ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಅವಳಿಗೆ ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ ಇದು ಎನಿಸಿ ಬರೆಯಲು ಕುಳಿತಿದ್ದೇನೆ. ಅವಳ ಜೊತೆಗೆ, ಈಗತಾನೆ ಕೌಂಟರಿನ ಹಿಂದೆ ಕುಳಿತಿರುವ ಬೇರೆ ಮಕ್ಕಳೂ ಓದಲಿ.

ನನ್ನ ಹೆಸರು ಗಿರಿಜ. ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ ಎಂದು ಈ ಜಿಲ್ಲೆಯ ಶಾಖೆಗಳಲ್ಲೇ ಸುತ್ತಿ ಸುತ್ತಿ ನಿವೃತ್ತಳಾದವಳು. ಯಾವಾಗ ಆಫೀಸರಾದೆ, ಯಾರು ಹಾರ ಹಾಕಿದರು ಎನ್ನುವುದನ್ನೆಲ್ಲ ಬರೆಯುವುದಿಲ್ಲ, ಅದರಿಂದ ನಿಮಗೆ ಆಗಬೇಕಾದ್ದೇನೂ ಇಲ್ಲ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ, ನನ್ನದು ಪುಕ್ಕಲು ಜೀವ. ಬ್ಯಾಂಕಿನ ಬೀಗ ಹಾಕಿದ್ದು ಕಣ್ಣಾರೆ ಕಂಡಿದ್ದರೂ ಬಸ್ ಹತ್ತಿದ ಮೇಲೆ ಹಾಕಿದ್ದಾರೋ ಇಲ್ಲವೋ ಎಂದು ಇಳಿದು ಹೋಗಿ ನೋಡಿ ಬರುತ್ತಿದ್ದೆ. ಜೊತೆಯವರು ಗೇಲಿ ಮಾಡುತ್ತಿದ್ದರು. ಮಾಡಲಿ, ದುಡ್ಡಿನ ಜಾಗದಲ್ಲಿ ಕೂರುವವರಿಗೆ ಸ್ವಲ್ಪ ಪುಕ್ಕಲುತನ ಇರಬೇಕು ಎಂದೇ ಈಗಲೂ ನನ್ನ ವಾದ.

ಹೊಳಲ್ಕೆರೆಯೇ ನನ್ನ ಮೊದಲ ಶಾಖೆ. ಆಗ ಅಲ್ಲಿ ಸದಾಶಿವಪ್ಪ ಎಂಬ ಮ್ಯಾನೇಜರ್ ಇದ್ದರು. ಮೂಗಿನ ತುದಿಯಲ್ಲೇ ಸಿಟ್ಟು, ಆದರೆ ಕೆಲಸ ಕಲಿಸುವುದರಲ್ಲಿ ಎತ್ತಿದ ಕೈ. ಒಬ್ಬರ ಹೆಸರಿನಲ್ಲೇ ಪಂಪ್‌ಸೆಟ್ಟಿನ ಸಾಲ, ಬೆಳೆ ಸಾಲ, ಎಮ್ಮೆಯ ಸಾಲ ಎಂದು ಮೂರು ಮೂರು ಇರುತ್ತಿದ್ದ ಕಾಲ. "ಯಾವ ಬಾಬ್ತು ಅಂತ ಕೇಳದೆ ದುಡ್ಡು ಮುಟ್ಟಬ್ಯಾಡಮ್ಮ" ಎನ್ನುತ್ತಿದ್ದರು ಸದಾಶಿವಪ್ಪನವರು. ಬಂದವರು, "ಇದು ಎಮ್ಮೆದು ಕಣವ್ವ, ಪಂಪ್‌ಸೆಟ್ಟಿಂದು ಆಮ್ಯಾಕೆ ನೋಡಾಣ" ಎಂದರೆ ಎಮ್ಮೆಯ ಸಾಲಕ್ಕೇ ಜಮಾ ಮಾಡುತ್ತಿದ್ದೆವು. ಕೊಟ್ಟವರು ಯಾವುದಕ್ಕೆ ಎಂದು ಹೇಳಿದರೋ ದುಡ್ಡು ಅದಕ್ಕೇ ಹೋಗುತ್ತಿತ್ತು. ಪೇಟೆಯ ಅಂಗಡಿಗಳಲ್ಲೂ ಇದೇ ರೂಢಿ, ಇವತ್ತಿಗೂ ಇದೆ.

ಆಮೇಲೆ ಕಾರ್ಡುಗಳು ಬಂದವು. ಮೊದಮೊದಲು ದೊಡ್ಡ ನೌಕರರ ಜೇಬಿನಲ್ಲಿ ಮಾತ್ರ ಇದ್ದದ್ದು, ನೋಡನೋಡುತ್ತ ಕಿರಾಣಿ ಅಂಗಡಿಯವರ ಕೈಗೂ ಬಂತು. ಕಾರ್ಡಿನ ಲೆಕ್ಕ ನಮ್ಮ ಶಾಖೆಯಲ್ಲಿ ನಡೆಯುವುದಿಲ್ಲ, ಎಲ್ಲೋ ದೂರದ ಕಚೇರಿಯಲ್ಲಿ ಯಂತ್ರ ಮಾಡುತ್ತದೆ. ಆ ಯಂತ್ರ ಯಾವ ಬಾಬ್ತು ಎಂದು ಯಾರನ್ನೂ ಕೇಳುವುದಿಲ್ಲ. ಫ್ಯಾನಿನ ದುಡ್ಡು ಎಂದು ನೀವು ಕಟ್ಟಿರಿ, ಪೆಟ್ರೋಲಿನದು ಎಂದು ಕಟ್ಟಿರಿ, ಎಲ್ಲವೂ ಒಂದೇ ಗುಡ್ಡೆಗೆ ಬೀಳುತ್ತದೆ. ಅದರಿಂದ ಮೊದಲು ಬಡ್ಡಿಯೋ ದಂಡವೋ ಇದ್ದರೆ ಮುರಿದುಕೊಂಡು, ಮಿಕ್ಕದ್ದನ್ನು ಖರೀದಿಗೆ ಹಿಡಿಯುತ್ತಾರೆ. ಈ ಒಂದು ಬದಲಾವಣೆಯನ್ನು ಜನರಿಗೆ ಯಾರೂ ಕೂರಿಸಿಕೊಂಡು ಹೇಳಲಿಲ್ಲ.

ಹಾಗಾದರೆ ಬಿಡಿಯಾಗಿ ಕಟ್ಟುವುದು ಪೂರ್ತಿ ವ್ಯರ್ಥವೇ ಎಂದರೆ ಅಲ್ಲ. ಚಿಕ್ಕಜಾಜೂರಿನ ರೈಲ್ವೆ ನೌಕರರೊಬ್ಬರಿದ್ದರು, ನಾಗರಾಜಪ್ಪ. ಅವರು ಮಧ್ಯಾಹ್ನ ಕಾರ್ಡು ಉಜ್ಜಿ ಟಯರ್ ಹಾಕಿಸಿದರೆ ಸಂಜೆಯೊಳಗೆ ಆ ಟಯರಿನ ದುಡ್ಡು ಕಟ್ಟಿಬಿಡುವ ಆಸಾಮಿ. ಒಮ್ಮೆ ಅವಸರದಲ್ಲಿ ಒಂದೇ ಟಯರಿಗೆ ಎರಡು ಸಲ ಕಟ್ಟಿ ಬೆವರುತ್ತ ನನ್ನ ಮುಂದೆ ಬಂದು ನಿಂತರು.

"ಮೇಡಂ, ನನ್ನ ದುಡ್ಡು ನುಂಗಿಬಿಡ್ತಲ್ರೀ ನಿಮ್ಮ ಕಾರ್ಡು!"

"ನುಂಗಿಲ್ಲ ಕುಂತ್ಕಳ್ರಿ. ಹೆಚ್ಚಿಗೆ ಕಟ್ಟಿದ್ದು ಅಲ್ಲೇ ಐತೆ. ಮುಂದೆ ಏನಾದ್ರೂ ತಗಂಡಾಗ ಅದರಾಗೇ ಕಳೆದು ಹೋಗ್ತತೆ."

"ಹಂಗಾದ್ರೆ ನಾನು ಹಿಂಗೆ ಬಿಡಿಬಿಡಿಯಾಗಿ ಕಟ್ಟೋದ್ರಿಂದ ಬಡ್ಡಿ ಉಳಿದೈತೋ ಇಲ್ವೋ?"

"ಒಂದು ಕಾಸೂ ಉಳಿದಿಲ್ಲ" ಎಂದೆ. ಬಿಲ್ಲು ಬಂದ ಮೇಲೆ ಗಡುವಿನೊಳಗೆ ಪೂರ್ತಿ ಕಟ್ಟಿದ್ದರೂ ಅವರಿಗೆ ಬಡ್ಡಿ ಬೀಳುತ್ತಿರಲಿಲ್ಲ. ಅವರ ಮುಖ ಸಣ್ಣಗಾಯಿತು. ಆಮೇಲೆ ತಲೆ ಕೆರೆದುಕೊಂಡು, "ಆದ್ರೂ ಕಟ್ಟಿದ ರಾತ್ರಿ ನಿದ್ದೆ ಚೆನ್ನಾಗಿ ಬರ್ತತೆ ಮೇಡಂ. ಕೈಯಾಗೆ ಎಷ್ಟೈತೆ ಅಂತ ಗೊತ್ತಿರ್ತತೆ" ಎಂದರು. ಅದು ನಿಜ. ಅವರ ಕಾರ್ಡಿನ ಮಿತಿ ಚಿಕ್ಕದು, ಆಗಾಗ ಕಟ್ಟುತ್ತಿದ್ದುದರಿಂದ ಅದು ಮತ್ತೆ ತೆರವಾಗುತ್ತಿತ್ತು, ಖರ್ಚೂ ಹಿಡಿತದಲ್ಲಿರುತ್ತಿತ್ತು. ಬಾಕಿ ಎಂಬುದನ್ನೇ ಉಳಿಸದವರಿಗೆ ಬಿಡಿಯಾಗಿ ಕಟ್ಟುವುದು ಕೆಟ್ಟ ಅಭ್ಯಾಸವಲ್ಲ. ಅವರು ನಗುತ್ತ ರೈಲಿನ ಹೊತ್ತಾಯಿತೆಂದು ಹೋದರು.

ಈಗ ಹೊಸದುರ್ಗದ ಮಾತಿಗೆ ಬರುತ್ತೇನೆ.

ಹೊಸದುರ್ಗದಲ್ಲಿ ಶಮೀಮ್ ಬಾನು ಎಂಬ ಟೈಲರ್ ಇದ್ದಳು. ಅವಳಪ್ಪನ ಕಾಲದಿಂದ ಅದೇ ಬಾಡಿಗೆ ಮಳಿಗೆ. ಶಾಲೆಗಳು ಶುರುವಾಗುವ ಹೊತ್ತಿಗೆ ಸುತ್ತಲ ಹಳ್ಳಿಗಳ ಮಕ್ಕಳ ಸಮವಸ್ತ್ರವೆಲ್ಲ ಅವಳ ಮಳಿಗೆಯಲ್ಲೇ ಹೊಲಿಗೆಯಾಗುತ್ತಿತ್ತು. ನನ್ನ ಕುಪ್ಪಸಗಳೂ ಅವಳದೇ ಕೈ. ಮಳಿಗೆಯ ಮಾಲೀಕರು ರುದ್ರಪ್ಪ. ಅಣ್ಣತಮ್ಮಂದಿರ ಪಾಲು ಹಂಚಿಕೊಡಬೇಕಾಗಿ ಬಂದು ಮಳಿಗೆ ಮಾರಲು ಹೊರಟಿದ್ದರು. "ನಿಮ್ಮಪ್ಪನ ಕಾಲದಿಂದ ಇದ್ದೀಯ, ಮೊದಲು ನಿನಗೇ ಕೇಳ್ತೀನಿ. ತಿಂಗಳ ಕೊನೆಯೊಳಗೆ ದುಡ್ಡು ಹೊಂದಿಸಿದ್ರೆ ನಿನಗೇ" ಎಂದು ಶಮೀಮಳಿಗೆ ಮಾತು ಕೊಟ್ಟಿದ್ದರು. ಹಿರಿಯೂರಿನ ಮೊಬೈಲ್ ಅಂಗಡಿಯವನೊಬ್ಬ ನಗದು ಹಿಡಿದುಕೊಂಡು ಕಾದಿದ್ದಾನೆ ಎಂಬುದೂ ಊರಿಗೆಲ್ಲ ಗೊತ್ತಿತ್ತು.

ಶಮೀಮಳ ಹತ್ತಿರ ಅರ್ಧದಷ್ಟು ಇತ್ತು. ಮಿಕ್ಕ ಅರ್ಧಕ್ಕೆ ನಮ್ಮ ಶಾಖೆಯಲ್ಲಿ ಸಾಲಕ್ಕೆ ಅರ್ಜಿ ಹಾಕಿದಳು. ಅರ್ಜಿ ಕೊಡುವಾಗ ಅವಳ ಮುಖ ನೋಡಬೇಕಿತ್ತು. "ಮೇಡಂ, ಬೋರ್ಡಿನಾಗೆ ಅಬ್ಬಾನ ಹೆಸರು ಬರೆಸ್ತೀನಿ. ಬಾಡಿಗೆ ಅಂಗಡಿ ಅಂತ ಅವ್ರು ಯಾವತ್ತೂ ಬರೆಸಿರಲಿಲ್ಲ" ಎಂದಳು. ಇಂಥವಳಿಗೆ ಕೊಡದೆ ಇನ್ಯಾರಿಗೆ ಕೊಡುವುದು, ವಾರದೊಳಗೆ ಆಗುತ್ತದೆ ಎಂದುಕೊಂಡು ನಾನೂ ನಿರಾಳವಾಗಿದ್ದೆ.

ಎರಡು ದಿನ ಕಳೆದ ಮೇಲೆ ಮ್ಯಾನೇಜರ್ ಪ್ರಕಾಶ್ ನನ್ನನ್ನು ಕ್ಯಾಬಿನ್ನಿಗೆ ಕರೆದರು. ನನಗಿಂತ ಚಿಕ್ಕ ವಯಸ್ಸಿನವರು, ನಿಯಮ ಎಂದರೆ ಪ್ರಾಣ ಬಿಡುವ ಮನುಷ್ಯ. "ಮೇಡಂ, ನಿಮ್ಮ ಟೈಲರಮ್ಮನ ಸಾಲ ಆಗಲ್ಲ. ಕಾರ್ಡಿನಾಗೆ ಎರಡು ತಿಂಗಳು ಕಟ್ಟಿಲ್ಲ ಅಂತ ತೋರಿಸ್ತಿದೆ. ಬಾಕಿ ಇನ್ನೂ ಹಂಗೇ ಇದೆ" ಎಂದು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಬೇರೆ ಯಾರದೋ ಹೆಸರಿರಬೇಕು ಎಂದು ಎರಡೆರಡು ಸಲ ನೋಡಿದೆ, ಅವಳದೇ. ಕೂಡಲೇ ಅವಳಿಗೆ ಫೋನ್ ಮಾಡಿದೆ.

ಕತ್ತರಿ ಹಿಡಿದ ಕೈಯಲ್ಲೇ ಓಡಿಬಂದಳು. ವಿಷಯ ಕೇಳಿ ಅವಳಿಗೆ ಗಾಬರಿಗಿಂತ ಸಿಟ್ಟೇ ಬಂತು.

"ಯಾರ್ರಿ ಹೇಳಿದ್ದು ಕಟ್ಟಿಲ್ಲ ಅಂತ? ಲೈನಿಂಗ್ ಬಟ್ಟೆ ತಗಂಡೆ, ಅವತ್ತೇ ಕಟ್ಟೀನಿ. ದಾರ, ಗುಂಡಿ ತಗಂಡೆ, ಅದೂ ಕಟ್ಟೀನಿ. ಇಸ್ತ್ರಿ ಪೆಟ್ಟಿಗೆ ತಗಂಡೆ, ಕಟ್ಟೀನಿ. ಒಂದೊಂದಕ್ಕೂ ಬ್ಯಾರೆ ಬ್ಯಾರೆ ಕಟ್ಟೀನಿ ಮೇಡಂ. ತಗಂಡಿದ್ದು ಯಾವುದೂ ಬಾಕಿ ಇಲ್ಲ."

"ಯಾವುದೂ? ಸರಿಯಾಗಿ ನೆನೆಸ್ಕ."

ಇನ್ನೊಂದು ಕೈಯ ಬೆರಳು ಮಡಿಸಿ ಎಣಿಸಿ, "ಒಂದು ಮಷೀನಿಂದು ಐತೆ. ಅದನ್ನ ಬ್ಯಾರೆ ಇಟ್ಟೀನಿ" ಎಂದಳು.

ಆ ಮಾತು ಕೇಳಿದ ತಕ್ಷಣ ನನಗೆ ಎಲ್ಲವೂ ಗೊತ್ತಾಗಿಹೋಯಿತು.

ಹಿಂದಿನ ವರ್ಷ ಅವಳು ಕಾರ್ಡಿನಲ್ಲಿ ಒಂದು ಕರೆಂಟಿನ ಹೊಲಿಗೆ ಯಂತ್ರ ಕೊಂಡಿದ್ದಳು. ತಂದ ವಾರಕ್ಕೇ ಅದು ಕೆಟ್ಟು ನಿಂತಿತು. ಮಾರಿದವನು ಬದಲಾಯಿಸಿಕೊಡುತ್ತೇನೆ, ಬದಲಾಯಿಸಿಕೊಡುತ್ತೇನೆ ಎಂದು ಓಡಾಡಿಸಿದ. ಶಮೀಮ್ ತನ್ನ ಪೇಟೆಯ ರೂಢಿಯಂತೆ ನಡೆದುಕೊಂಡಳು. ಅವಳು ಬಟ್ಟೆ ತರುವ ಉದ್ದರಿ ಅಂಗಡಿಯಲ್ಲಿ ಕೊಂಡ ಒಂದು ಥಾನು ಬಟ್ಟೆ ಹರಿದಿತ್ತು ಅನ್ನಿ. ಗಿರಾಕಿ ಆ ಥಾನಿನ ದುಡ್ಡನ್ನು ತಡೆಹಿಡಿದು, ಮಿಕ್ಕ ಎಲ್ಲದರದ್ದನ್ನೂ ಹೆಸರು ಹೇಳಿ ಹೇಳಿ ಕೊಟ್ಟುಬಿಡುತ್ತಾನೆ. ಜಗಳದ ಮಾಲು ಜಗಳ ತೀರುವವರೆಗೆ ಪಕ್ಕಕ್ಕಿರುತ್ತದೆ. ಅಂಗಡಿಯವನೂ ಅದರ ಮೇಲೆ ಬಡ್ಡಿ ಕೇಳುವುದಿಲ್ಲ, ಅದು ಮರ್ಯಾದೆಯ ಲೆಕ್ಕ. ಹಾಗೆಯೇ ಇವಳು ಕೆಟ್ಟ ಯಂತ್ರದ ದುಡ್ಡನ್ನು ಪಕ್ಕಕ್ಕಿಟ್ಟು ಮಿಕ್ಕಿದ್ದೆಲ್ಲವನ್ನೂ ಕಟ್ಟುತ್ತ ಬಂದಿದ್ದಳು. ಬ್ಯಾಂಕಿಗೆ ಮಾತ್ರ ಒಂದು ಮಾತೂ ತಿಳಿಸಿರಲಿಲ್ಲ. ತಕರಾರು ಇದ್ದದ್ದು ಯಂತ್ರ ಮಾರಿದವನ ಹತ್ತಿರ, ಬ್ಯಾಂಕಿನ ಹತ್ತಿರವಲ್ಲವಲ್ಲ!

ಆದರೆ ಕಾರ್ಡಿನಲ್ಲಿ ಪಕ್ಕ ಎಂಬುದೇ ಇಲ್ಲ. ಯಂತ್ರದ ಬಾಕಿ ಉಳಿದಿದ್ದರಿಂದ ಬಿಲ್ಲು ಯಾವ ತಿಂಗಳೂ ಪೂರ್ತಿ ತೀರಲಿಲ್ಲ. ಬಿಲ್ಲು ತೀರದಿದ್ದರೆ ಹೊಸದಾಗಿ ಕೊಂಡದ್ದಕ್ಕೂ ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಅವಳು ಲೈನಿಂಗಿನದು ಎಂದು ಕಟ್ಟಿದ್ದರಲ್ಲಿ ಒಂದಿಷ್ಟು ಬಡ್ಡಿಗೆ ಹೋಗಿ, ಲೈನಿಂಗಿನಲ್ಲೂ ಬಾಕಿ ಉಳಿದಿತ್ತು. ಇದಿಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಕೆಲಸವಿದ್ದ ತಿಂಗಳುಗಳಲ್ಲಿ ಅವಳು ಆಗಾಗ ಕಟ್ಟುತ್ತಿದ್ದ ದುಡ್ಡೇ ಬಿಲ್ಲಿನ ಕನಿಷ್ಠ ಮೊತ್ತಕ್ಕೂ ಆಗುತ್ತಿತ್ತು. ಸಮವಸ್ತ್ರದ ಕೆಲಸ ಮುಗಿದ ಮೇಲೆ ಅವಳಿಗೆ ಬಿಡುವಿನ ಕಾಲ. ಆ ಎರಡು ತಿಂಗಳು ಅವಳು ಕಾರ್ಡಿನಲ್ಲಿ ಏನೂ ಕೊಳ್ಳಲಿಲ್ಲ, ಆದ್ದರಿಂದ ಏನೂ ಕಟ್ಟಲೂ ಇಲ್ಲ. ಬಿಲ್ಲಿನಲ್ಲಿ ಕನಿಷ್ಠ ಇಷ್ಟು ಕಟ್ಟಲೇಬೇಕು ಎಂದು ಬಂದ ಇಂಗ್ಲಿಷಿನ ಸಂದೇಶವನ್ನು, ಆ ಯಂತ್ರದ ದುಡ್ಡಿಗಾಗಿ ಬಂದದ್ದು ಎಂದುಕೊಂಡು ಲೆಕ್ಕಕ್ಕೇ ಇಡಲಿಲ್ಲ. ಬಿಲ್ಲು ಬರುವ ಮೊದಲು ಎಷ್ಟು ಕಟ್ಟಿದ್ದರೂ ಬಿಲ್ಲು ಬಂದ ಮೇಲಿನ ಕನಿಷ್ಠ ಮೊತ್ತವನ್ನು ಬೇರೆಯಾಗಿಯೇ ಕಟ್ಟಬೇಕು ಎಂದು ಅವಳಿಗೆ ಹೇಗೆ ಗೊತ್ತಿರಬೇಕು?

ನಾನು ಇದನ್ನೆಲ್ಲ ಬಿಡಿಸಿ ಹೇಳುತ್ತ ಹೋದಂತೆ ಅವಳ ಕೈಯಲ್ಲಿದ್ದ ಕತ್ತರಿ ಮೇಜಿನ ಮೇಲೆ ಬಂತು.

"ಅಂದ್ರೆ ನಾನು ಅಷ್ಟು ಸಲ ಕಟ್ಟಿದ್ದು?"

"ಎಲ್ಲ ಜಮಾ ಆಗೈತೆ. ಆದ್ರೆ ನೀನು ಅಂದ್ಕಂಡಿದ್ದಕ್ಕೆ ಹೋಗಿಲ್ಲ."

"ಆ ಹಾಳು ಮಷೀನಿಗೇ ಹೋಗೈತಾ?"

"ಅದಕ್ಕೂ, ಬಡ್ಡಿಗೂ, ದಂಡಕ್ಕೂ."

"ಕೆಟ್ಟ ಮಾಲಿಗೆ ನಾನ್ಯಾಕ್ರಿ ದುಡ್ಡು ಕೊಡ್ಲಿ? ಅದು ನ್ಯಾಯಾನಾ?"

ನ್ಯಾಯವಲ್ಲ. ಅವತ್ತೇ ಬ್ಯಾಂಕಿಗೆ ದೂರು ಕೊಟ್ಟಿದ್ದರೆ ವಿಚಾರಣೆಯಾಗಿ ಆ ದುಡ್ಡು ವಾಪಸು ಬರಲೂಬಹುದಿತ್ತು. ಅದಕ್ಕೊಂದು ಗಡುವು ಇರುತ್ತದೆ, ಅದು ಮೀರಿ ತಿಂಗಳುಗಳೇ ಆಗಿದ್ದವು. ಮಾರಿದವನು ಅವಳನ್ನು ಓಡಾಡಿಸಿದ್ದು ಆ ಗಡುವು ದಾಟಿಸಲೆಂದೇ ಇರಬೇಕು ಎಂದು ನನಗೆ ಈಗಲೂ ಅನುಮಾನ. ಕಳ್ಳ ನನ್ನ ಮಗ! ಬರೆಯುವಾಗಲೂ ಮೈ ಉರಿಯುತ್ತದೆ.

"ಶಮೀಮ್, ನ್ಯಾಯ ಆಮೇಲೆ ನೋಡಾಣ. ಈಗ ಮಳಿಗೆ ಉಳಿಸ್ಕ. ಪೂರ್ತಿ ಬಾಕಿ ಒಂದೇ ಸಲಕ್ಕೆ ಕಟ್ಟು. ಮಷೀನಿಂದು, ಬಡ್ಡಿದು, ಎಲ್ಲಾ" ಎಂದೆ. ಅವಳು ಕತ್ತರಿ ಎತ್ತಿಕೊಂಡು ಹೊರಟುಹೋದಳು. ಮಾರನೆಯ ದಿನ ಬಾಗಿಲು ತೆಗೆಯುವ ಹೊತ್ತಿಗೆ ಬಂದು, ಮಳಿಗೆಗೆಂದು ಕೂಡಿಟ್ಟಿದ್ದರಲ್ಲೇ ತೆಗೆದು ಪೂರ್ತಿ ಕಟ್ಟಿದಳು. ಕಟ್ಟುವಾಗ ಅವಳ ಕಣ್ಣು ತುಂಬಿತ್ತು, ನನ್ನದೂ ತುಂಬಿತು. ಕೌಂಟರಿನಲ್ಲಿ ಅಳಬಾರದು ಎನ್ನುತ್ತಾರೆ, ಹೇಳುವವರಿಗೇನು.

ಆದರೆ ಕಟ್ಟಿದ ಕೂಡಲೇ ದಾಖಲೆ ತೊಳೆದುಹೋಗುವುದಿಲ್ಲ. ಅದು ಮೇಲಿನವರಿಗೆ ತಲುಪಿ, ತಿದ್ದುಪಡಿಯಾಗಿ, ನಮ್ಮ ಪರದೆಗೆ ಮರಳಬೇಕು. ನಾನು ಪ್ರಕಾಶರ ಬೆನ್ನು ಹತ್ತಿದೆ. ನಡೆದದ್ದೆಲ್ಲ ಬರೆದು, ಇವಳು ಬಾಕಿದಾರಳಲ್ಲ, ತಿಳಿವಳಿಕೆಯ ತಪ್ಪು ಎಂದು ಶಿಫಾರಸು ಮಾಡಿ ಪ್ರಾದೇಶಿಕ ಕಚೇರಿಗೆ ಕಳಿಸಿ ಎಂದೆ. "ನಾಳೆ ಆಡಿಟ್‌ನೋರು ಕೇಳಿದ್ರೆ ನಾನೇನು ಹೇಳ್ಲಿ ಮೇಡಂ?" ಎಂದರು. ಅವರ ಭಯವೂ ಸುಳ್ಳಲ್ಲ, ಅವರಿಗೂ ಮನೆಮಠ ಇದೆ. ಕೊನೆಗೆ ನನ್ನ ಕಾಟ ತಾಳಲಾರದೆ ಸಹಿ ಹಾಕಿದರು. ಅಲ್ಲಿಂದ ಕಾಯುವುದು ಶುರುವಾಯಿತು. ಉತ್ತರ ಬಂತಾ, ಉತ್ತರ ಬಂತಾ ಎಂದು ಗಳಿಗೆಗೊಮ್ಮೆ ಎದ್ದು ನೋಡುತ್ತಿದ್ದೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿರುತ್ತಿರಲಿಲ್ಲ. ಶಮೀಮ್ ದಿನವೂ ಬಾಗಿಲಲ್ಲಿ ನಿಂತು ನನ್ನ ಮುಖ ನೋಡುವಳು, ನಾನು ಇಲ್ಲವೆಂದು ತಲೆಯಾಡಿಸುವೆನು, ಅವಳು ಹಿಂದಿರುಗುವಳು.

ತಿಂಗಳ ಕೊನೆ ಹತ್ತಿರವಾದಾಗ ಇಬ್ಬರೂ ರುದ್ರಪ್ಪನವರ ಮನೆಗೆ ಹೋದೆವು. ಜಗುಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟರು. ನಾನೇ ಮಾತು ತೆಗೆದೆ. "ಒಂದು ತಿಂಗಳು ತಡೀರಿ ಯಜಮಾನ್ರೆ. ಸಾಲ ಆಗೇ ಆಗ್ತತೆ. ದಾಖಲೆ ತಿದ್ದೋದು ಒಂದು ಬಾಕಿ ಐತೆ."

"ಏನು ತಿದ್ದೋದು?" ಎಂದರು.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕೇಳುತ್ತ ಕೇಳುತ್ತ ಅವರ ಹುಬ್ಬು ಗಂಟಾಯಿತು. "ತಪ್ಪು ತಿಳ್ಕಬ್ಯಾಡ್ರಿ ಮೇಡಂ. ಬ್ಯಾಂಕಿನೋರೇ ಈಯಮ್ಮನ್ನ ನಂಬ್ಲಿಲ್ಲ ಅಂದ್ಮ್ಯಾಕೆ ನಾನು ಹೆಂಗ್ ನಂಬ್ಲಿ? ನನ್ನ ತಮ್ಮಂದಿರಿಗೆ ಏನು ಹೇಳ್ಲಿ?"

ನನಗೆ ಮೈಮೇಲೆ ಬಂತು. "ಅಪ್ಪನ ಕಾಲದಿಂದ ಒಂದು ತಿಂಗಳೂ ಬಾಡಿಗೆ ತಪ್ಪಿಸ್ದೋಳಲ್ಲ. ಇವಳ್ನ ನಂಬಾಕೆ ನಿಮಗೆ ಬ್ಯಾಂಕಿನ ಮಾತು ಬೇಕಾ?" ಎಂದು ಜೋರು ಮಾಡಿದೆ. ರುದ್ರಪ್ಪ ತಲೆ ತಗ್ಗಿಸಿದರೇ ಹೊರತು ಮಾತು ಬದಲಿಸಲಿಲ್ಲ. ಶಮೀಮ್ ನನ್ನ ಸೆರಗು ಹಿಡಿದೆಳೆದು, "ಬರ್ರಿ ಮೇಡಂ, ಹೋಗಾಣ" ಎಂದಳು.

ಪ್ರಾದೇಶಿಕ ಕಚೇರಿಯ ಉತ್ತರ ಗಡುವಿನ ಹಿಂದಿನ ದಿನ ಬಂತು. ದಾಖಲೆ ಸರಿಯಾದ ಮೇಲೆ ಹೊಸದಾಗಿ ಅರ್ಜಿ ಕಳಿಸಿ ಎಂದಿತ್ತು. ಅದನ್ನು ಅವಳಿಗೆ ಹೇಳಲು ಮಳಿಗೆಯವರೆಗೆ ನಡೆದುಹೋದೆ. ಫೋನಿನಲ್ಲಿ ಹೇಳುವ ಧೈರ್ಯ ನನಗಿರಲಿಲ್ಲ. ಮುಂದಿನ ವಾರ ಮಳಿಗೆ ಹಿರಿಯೂರಿನವನ ಹೆಸರಿಗಾಯಿತು.

ವೀಣಾ, ನೀನು ಉಪಯೋಗ ಐತೆ ಎಂದಾಗ ನಾನೇಕೆ ಕೂಗಿದೆ ಎಂದು ಈಗ ಗೊತ್ತಾಯಿತಲ್ಲ. ಆಮೇಲಿನ ನನ್ನ ಉಳಿದ ಸೇವೆಯಲ್ಲಿ ಯಾರೇ ಈ ಪ್ರಶ್ನೆ ಕೇಳಿದರೂ ಮೊದಲು, ಯಾವುದಾದರೂ ಒಂದನ್ನು ಕಟ್ಟದೆ ಹಿಂದೆ ಬಿಟ್ಟಿದ್ದೀರಾ ಎಂದು ಕೇಳುತ್ತಿದ್ದೆ. ಇಲ್ಲ ಎಂದರೆ, ಬಿಡಿಯಾಗಿ ಕಟ್ಟಿ, ಒಟ್ಟಿಗೆ ಕಟ್ಟಿ, ನಿಮ್ಮ ಇಷ್ಟ ಎನ್ನುತ್ತಿದ್ದೆ. ಹೌದು ಎಂದರೆ ಕುರ್ಚಿ ಎಳೆದು ಕೂರಿಸುತ್ತಿದ್ದೆ. ಹಿಂದೆ ಸಾಲು ಬೆಳೆಯಲಿ, ಮ್ಯಾನೇಜರ್ ಗುರಾಯಿಸಲಿ. ಕೆಟ್ಟ ಮಾಲಿನ ಜಗಳವಿದ್ದರೆ ಅವತ್ತೇ ದೂರು ಬರೆಸುತ್ತಿದ್ದೆ. ಬಿಲ್ಲಿನ ಕನಿಷ್ಠ ಮೊತ್ತಕ್ಕೆ ಬಿಲ್ಲು ಬಂದ ಮೇಲೆ ಕಟ್ಟುವ ದುಡ್ಡೇ ಲೆಕ್ಕ ಎಂದು ಕನ್ನಡದಲ್ಲಿ, ಅವರಿಗೆ ತಿಳಿಯುವ ಮಾತಿನಲ್ಲಿ ಹೇಳುತ್ತಿದ್ದೆ. ನಾಳೆ ಆ ಮನುಷ್ಯ ಬಂದಾಗ ನೀನೂ ಹಾಗೇ ಮಾಡು. ಬಾರದಿದ್ದರೆ ಫೋನ್ ಮಾಡಿ ಕರೆಸು.

ನಿವೃತ್ತಿಯಾದ ಮೇಲೆ ಒಂದು ಮದುವೆಗೆಂದು ಹೊಸದುರ್ಗಕ್ಕೆ ಹೋದಾಗ ಶಮೀಮಳ ಹತ್ತಿರ ಒಂದು ಕುಪ್ಪಸ ಹೊಲಿಸೋಣ ಎಂದು ಹೋದೆ. ಅದೇ ಮಳಿಗೆ, ಅದೇ ಮೂಲೆ. ಹೊಸ ಮಾಲೀಕ ಅವಳನ್ನು ಬಿಡಿಸಿರಲಿಲ್ಲ, ಬಾಡಿಗೆಯನ್ನು ಮಾತ್ರ ದುಪ್ಪಟ್ಟು ಮಾಡಿದ್ದ. ಮುಂದಿನ ಅರ್ಧದಲ್ಲಿ ಮೊಬೈಲುಗಳು, ಹಿಂದಿನ ಅರ್ಧದಲ್ಲಿ ಇವಳು. ನನ್ನನ್ನು ಕಂಡು ಎದ್ದು ಬಂದು ಕೈ ಹಿಡಿದುಕೊಂಡಳು, ಚಹಾ ತರಿಸಿದಳು. ಅವಳ ಮುಖದಲ್ಲಿ ನನ್ನ ಮೇಲಿನ ಮುನಿಸು ಇರಬಹುದೇನೋ ಎಂದು ಬಸ್ಸಿನುದ್ದಕ್ಕೂ ಹೆದರಿಕೊಂಡೇ ಬಂದಿದ್ದೆ, ಇರಲಿಲ್ಲ.

"ಮೇಡಂ, ಇದೊಂದು ಓದಿ ಹೇಳ್ರಿ. ನಿಮ್ಮ ಬ್ಯಾಂಕಿಂದು ಬಂದೈತೆ. ಇಂಗ್ಲಿಷಿನಾಗಿದ್ರೆ ಈಗ ಯಾರಿಗಾದ್ರೂ ಓದಿಸ್ದೆ ಬಿಡಲ್ಲ ನಾನು" ಎಂದು ಫೋನ್ ನನ್ನ ಕೈಗಿತ್ತಳು.

ಓದಿದೆ. ನಂಬಲಾಗದೆ ಇನ್ನೊಮ್ಮೆ ಓದಿದೆ.

"ಏನ್ರೀ? ಮತ್ತೆ ಬಾಕಿ ಅಂತಾ?"

"ಇಲ್ಲ ಶಮೀಮ್. ನೀನು ಸರಿಯಾಗಿ ದುಡ್ಡು ಕಟ್ಟೋ ಗಿರಾಕಿ ಅಂತೆ. ನಿನ್ನ ವ್ಯಾಪಾರಕ್ಕೆ ಸಾಲ ತಯಾರೈತಂತೆ. ಯಾವ ಕಾಗದಾನೂ ಬ್ಯಾಡ, ಇಲ್ಲಿ ಒತ್ತಿದ್ರೆ ಸಾಕಂತೆ."

"ಎಷ್ಟು?"

ಹೇಳಿದೆ. ಅವಳು ಅವತ್ತು ಕೇಳಿದ್ದಕ್ಕಿಂತ ಹೆಚ್ಚೇ ಇತ್ತು.

ಮುಂದಿನ ಅರ್ಧದಲ್ಲಿ ಯಾರೋ ಮೊಬೈಲಿನ ಬೆಲೆ ಚೌಕಾಸಿ ಮಾಡುತ್ತಿದ್ದರು. ಶಮೀಮ್ ಆ ಕಡೆ ತಿರುಗಿ ನೋಡಿದಳು.

"ನಾನು ಯಾರು ಅಂತ ಈಗ ಗೊತ್ತಾತಾ ನಿಮ್ಮ ಬ್ಯಾಂಕಿನೋರಿಗೆ?" ಎಂದಳು.

ಅವಳು ನನ್ನ ಕೈಯಿಂದ ಫೋನ್ ತೆಗೆದುಕೊಂಡು ಮಷೀನಿನ ಪಕ್ಕ ಬೋರಲು ಹಾಕಿಟ್ಟು, ಕೊರಳಲ್ಲಿದ್ದ ಅಳತೆಯ ಟೇಪು ಬಿಚ್ಚಿದಳು.

"ಕೈ ಎತ್ರಿ ಮೇಡಂ" ಎಂದಳು. ಎತ್ತಿದೆ.